ರೆಕ್ಕೆ ದೋಣಿಯ ಬೂಚು

ಜೂನ್ 23, ಸೋಮವಾರ. ಮಧ್ಯಾಹ್ನ ಹನ್ನೆರಡು ದಾಟಿತ್ತು. ಮುದ್ದೇಬಿಹಾಳ ತಾಲೂಕಿನ ಬಸರಿಹಾಳ ಠಾಣೆಗೆ ಒಬ್ಬ ಮನುಷ್ಯ ಒದ್ದೆ ಬಟ್ಟೆಯಲ್ಲೇ ಓಡಿ ಬಂದ. ಮೈಮೇಲಿನ ಅಂಗಿ ಹೊಸದು, ಅಂಗಡಿಯ ಚೀಟಿ ಇನ್ನೂ ಕಾಲರಿಗೆ ಅಂಟಿಕೊಂಡಿತ್ತು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಸಾಹೇಬ್ರ, ನನ್ನ ಮಗಳು ನೀರಾಗ ಹೋದ್ಳರಿ. ಆ ದೋಣಿಯಾಂವ ಕೊಂದ. ಕೊಲಿ ಅಂತ ಬರಕೊಳ್ರಿ!”

ಪಿಎಸ್‌ಐ ಧೀರೇಂದ್ರ ಸಿಂದಗಿಯವನು. ಅಳುವವರ ಎದುರು ಅವನಿಗೆ ಮಾತು ಒರಟಾಗುತ್ತಿತ್ತು, ಅದು ಅವನಿಗೇ ಗೊತ್ತಿತ್ತು. ಹೆಡ್ ಕಾನ್ಸ್‌ಟೇಬಲ್ ಗುರಲಿಂಗಪ್ಪನನ್ನು ಹಿನ್ನೀರಿನ ದಂಡೆಗೆ ಅಟ್ಟಿ, ಮುದ್ದೇಬಿಹಾಳದ ಅಗ್ನಿಶಾಮಕ ದಳಕ್ಕೆ ಫೋನು ಮಾಡಿ, ಆಮೇಲೆ ಬಂದವನನ್ನು ಕೂರಿಸಿದ.

“ಹೆಸರು?”

“ಖಂಡೆಪ್ಪರಿ. ಮಗಳು ದಾನೇಶ್ವರಿ.”

“ದೋಣ್ಯಾಗ ಯಾರ್ಯಾರಿದ್ರಿ?”

“ನಾನು, ನನ್ನ ಮಗಳು, ನನ್ನ ಹೇಂತಿ ತಮ್ಮ ಶ್ರೀಶೈಲ. ಹುಟ್ಟು ಹಾಕಾಂವ ಅಫ್ತಾಬ. ನಡುನೀರಾಗ ದೋಣಿ ಎಡಕ್ಕ ಮಗಚಿತ್ರಿ.”

“ಇಂಥಾ ಗಾಳ್ಯಾಗ ಎಲ್ಲಿಗೆ ಹೊಂಟಿದ್ರಿ?”

“ಹಳೇ ಬಸವಣ್ಣನ ಗುಡಿಗೆ. ಕುಂಕುಮ ಹಚ್ಚಾಕ.”

ಇದು ಆ ಊರಿನ ಪದ್ಧತಿ. ಅಣೆಕಟ್ಟು ಕಟ್ಟಿದಾಗ ಹಳೇ ಬಸರಿಹಾಳ ಮುಳುಗಿತು. ಜನ ಮೇಲೆ ಬಂದು ಹೊಸ ಊರು ಕಟ್ಟಿಕೊಂಡರು. ಬಸವಣ್ಣನ ಗುಡಿ ಮಾತ್ರ ಎತ್ತರದ ದಿಬ್ಬದ ಮೇಲಿದ್ದುದರಿಂದ ನೀರಿನ ನಡುವೆ ಉಳಿಯಿತು. ಮನೆ ಹೋಯಿತು, ಹೊಲ ಹೋಯಿತು, ದೇವರನ್ನಾದರೂ ಬಿಡಬಾರದು ಎಂದು ಹಿರಿಯರು ಹಟ ಹಿಡಿದರು. ಹೆಣ್ಣು ಗಂಡಿನ ನಿಶ್ಚಯವಾದರೆ ಕುಂಕುಮ ಹಚ್ಚುವುದು ಆ ಬಸವಣ್ಣನ ಮುಂದೆಯೇ ಎಂದಾಯಿತು. ಅಲ್ಲಿಗೆ ದೋಣಿಯಿಲ್ಲದೆ ದಾರಿಯಿಲ್ಲ.

“ಹುಡುಗೀ ವಯಸ್ಸು?”

“ಹದಿನೆಂಟು ತುಂಬೇತ್ರಿ.”

“ಖಂಡೆಪ್ಪ, ಸಾಲಿ ದಾಖಲಾತಿ ತರಸ್ತೇನಿ ನಾನು.”

ಖಂಡೆಪ್ಪ ತಲೆ ತಗ್ಗಿಸಿದ. “ಹದಿನಾರು ನಡದಿತ್ತು.”

“ವರ ಯಾರು?”

“ಅವನ ರಿ. ಶ್ರೀಶೈಲ. ಸ್ವಾದರಮಾವಗ ಕೊಡೂದು ನಮ್ಮಾಗ ಮೊದಲಿಂದಲೂ ಐತಿ.”

ಧೀರೇಂದ್ರನಿಗೆ ಬೈಯಬೇಕೆನಿಸಿತು. ಮಗಳು ಇನ್ನೂ ನೀರಿನಲ್ಲಿದ್ದಳು, ನುಂಗಿಕೊಂಡ. ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಸಾವು, ದುಡುಕಿನಿಂದ ದೋಣಿ ನಡೆಸಿದ್ದು, ಬಿಎನ್‌ಎಸ್ ಕಲಂ 106(1) ಮತ್ತು 282. ಆರೋಪಿ ಅಫ್ತಾಬ.

ಶವ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಪೂರ್ವದ ದಂಡೆಯ ಜಾಲಿಗಂಟಿಯಲ್ಲಿ. ಮೈಗೆ ಇಳಕಲ್ ಸೀರೆ ಬಿಗಿಯಾಗಿ ಸುತ್ತಿಕೊಂಡಿತ್ತು. ಸೀರೆ ಉಟ್ಟು ಅಭ್ಯಾಸವಿಲ್ಲದ ಹುಡುಗಿ, ಜಾರದಿರಲಿ ಎಂದು ಯಾರೋ ಸೊಂಟದ ಸುತ್ತ ಎಂಟು ಹತ್ತು ಪಿನ್ನು ಚುಚ್ಚಿದ್ದರು. ಶವ ಪಂಚನಾಮೆ ಬರೆಸುವಾಗ ಮಹಿಳಾ ಕಾನ್ಸ್‌ಟೇಬಲ್ ವಿದ್ಯಾವತಿ ಒಂದೊಂದೇ ಪಿನ್ನು ಬಿಚ್ಚಿದಳು. ನಾಲ್ಕನೆಯದಕ್ಕೆ ಅವಳ ಕೈ ನಿಂತಿತು. ಧೀರೇಂದ್ರ ಆಚೆ ತಿರುಗಿ ನಿಂತ. ಮುದ್ದೇಬಿಹಾಳದ ಆಸ್ಪತ್ರೆಯ ಮರಣೋತ್ತರ ವರದಿಯಲ್ಲಿ ಬೇರೇನೂ ಇರಲಿಲ್ಲ. ಗಾಯಗಳಿಲ್ಲ, ನೀರಿನಲ್ಲಿ ಮುಳುಗಿ ಸಾವು.

ದೋಣಿಯೂ ಸಿಕ್ಕಿತು. ಉದ್ದನೆಯ ಕಿರಿದಾದ ಫೈಬರ್ ದೋಣಿ. ಬರೇ ದೋಣಿಯಾದರೆ ಗಾಳಿಗೆ ಮಗುಚುತ್ತದೆ ಎಂದು ಅಫ್ತಾಬನ ತಂದೆ ಹಿಂದೊಮ್ಮೆ ಎರಡು ಬಿದಿರಿನ ಕೋಲು ಅಡ್ಡ ಕಟ್ಟಿ, ಅವುಗಳ ತುದಿಗೆ ಎಡಗಡೆ ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು ಬಿಗಿದಿದ್ದ. ಖಾಲಿ ಡ್ರಮ್ಮು ನೀರ ಮೇಲೆ ತೇಲುತ್ತ ದೋಣಿಯನ್ನು ಹಿಡಿದು ನಿಲ್ಲಿಸುತ್ತದೆ. ಊರವರು ಅದನ್ನು ರೆಕ್ಕೆ ದೋಣಿ ಎನ್ನುತ್ತಿದ್ದರು. ಗಾಳಿ ಎದ್ದ ದಿನ ಹರಿಗೋಲುಗಳೆಲ್ಲ ದಂಡೆಗೆ ಬೋರಲು ಬೀಳುತ್ತಿದ್ದವು. ನೀರಿಗಿಳಿಯುತ್ತಿದ್ದುದು ಇದೊಂದೇ.

ಡ್ರಮ್ಮಿನ ತುಂಬ ನೀರಿತ್ತು, ಬಾಯಿಗೆ ಬೂಚು ಇರಲಿಲ್ಲ. ಧೀರೇಂದ್ರ ಬೆರಳು ಹಾಕಿ ಬಾಯಿಯ ತಿರುಪಿನ ಗೆರೆಗಳನ್ನು ಸವರಿ ನೋಡಿದ. ಎಲ್ಲೂ ಮುರಿದಿರಲಿಲ್ಲ.

ಅಫ್ತಾಬ ಠಾಣೆಯಲ್ಲೇ ಇದ್ದ. ಜಾಮೀನು ಸಿಗುವ ಕಲಮುಗಳೇ, ಆದರೆ ಹೊರಗೆ ಬಿಟ್ಟರೆ ಅವನ ಕೈಕಾಲು ಮುರಿಯಲು ಜನ ಗೇಟಿನ ಬಳಿ ನಿಂತಿದ್ದರು. ಮೂವತ್ತರ ಆಳು, ಒಂದೇ ದಿನದಲ್ಲಿ ಐವತ್ತರವನಂತಾಗಿದ್ದ.

“ಬೂಚು ಎಲ್ಲಿ?”

“ಇತ್ರಿ ಸಾಹೇಬ್ರ. ಆಯಿತವಾರ ಮಧ್ಯಾಹ್ನ ಸೈಕಲ್ ಟೂಬಿನ ಪಟ್ಟಿ ಸುತ್ತಿ ನಾನ ಬಿಗದೇನಿ.”

“ಸೋಮವಾರ ಬಿಡೋ ಮುಂದ ನೋಡಿದ್ಯೇನು?”

ಅಫ್ತಾಬ ಅಂಗೈ ತಿಕ್ಕಿಕೊಂಡ.

“ಕೇಳಾಕತ್ತೇನಲಾ.”

“ಇಲ್ರಿ. ದೋಣಿ ನಟ್ಟಗ ನಿಂತಿತ್ತು. ನಟ್ಟಗ ನಿಂತದ್ದನ್ನ ಯಾರ್ ಬಗ್ಗಿ ನೋಡ್ತಾರ್ರಿ? ಖಂಡೆಪ್ಪಣ್ಣ ಬ್ಯಾರೆ ಲಗೂ ಲಗೂ ಅಂತ ಬೆನ್ನು ಬಿದ್ದಿದ್ದ.” ಅವನು ಬಲಗೈ ಮುಂದೆ ಚಾಚಿದ. “ಆಕಿ ನನ್ನ ಕೈ ಹಿಡದಿದ್ಳರಿ. ಖಂಡೆಪ್ಪಣ್ಣನ್ನ ದೋಣಿ ಮ್ಯಾಲ ಎಳ್ಯಾಕ ಹೋದೆ, ಈ ಕೈ ಬಿಟ್ಟು ಹೋತು.”

ಹೊರಗೆ ಬಂದ ಮೇಲೆ ಗುರಲಿಂಗಪ್ಪ ತನ್ನ ತೀರ್ಪು ಹೇಳಿಯೇಬಿಟ್ಟ. “ಸುಳ್ಳ ಹೇಳ್ತಾನ್ರಿ. ಬೂಚು ಹಾಕೇ ಇಲ್ಲ ಮಗ. ಹಿಂದಿನ ದಿನಾನ ಯಾರರೆ ತಗದಿದ್ರ ಡ್ರಮ್ಮು ಅಲ್ಲೇ ದಂಡ್ಯಾಗ ತುಂಬಿ ದೋಣಿ ವಾಲಿರತಿತ್ತು.”

“ವಾಲತಿತ್ತೇನು?” ಎಂದ ಧೀರೇಂದ್ರ. “ನೋಡೇ ಬಿಡೋಣ.”

ಅದೇ ಸಂಜೆ ದೋಣಿಯನ್ನು ಮತ್ತೆ ಅದೇ ಜಾಗದಲ್ಲಿ ಕಟ್ಟಿಸಿದ. ಅದು ದಂಡೆಯ ಒಳಗೆ ಸರಿದ ಒಂದು ಸಣ್ಣ ಹಳ್ಳ, ಸುತ್ತ ಏರಿ, ಗಾಳಿ ತಾಕದು. ಡ್ರಮ್ಮಿನ ನೀರು ಚೆಲ್ಲಿಸಿ, ಬೂಚಿಲ್ಲದೆ ಬಿಟ್ಟು, ಪಂಚರ ಎದುರಿಗೆ ಕಾವಲು ಹಾಕಿದ. ಬುಧವಾರ ಬೆಳಿಗ್ಗೆ ನೋಡಿದರೆ ಡ್ರಮ್ಮು ಒಣಗಿದ್ದು ಒಣಗಿದಂತೆಯೇ ಇತ್ತು. ಅದರ ಬಾಯಿ ನೀರಿಗಿಂತ ಗೇಣು ಮೇಲಿತ್ತು.

“ಈಗ ಗಾಳ್ಯಾಗ,” ಎಂದ ಧೀರೇಂದ್ರ.

ಅಫ್ತಾಬನನ್ನು ಕರೆತಂದರು. ಹುಡುಗಿ ಕೂತ ಜಾಗದಲ್ಲಿ, ಖಂಡೆಪ್ಪ ಕೂತ ಜಾಗದಲ್ಲಿ ಮರಳಿನ ಚೀಲಗಳು. ಶ್ರೀಶೈಲನ ಜಾಗದಲ್ಲಿ ಧೀರೇಂದ್ರ ತಾನೇ ಕೂತ, ಕೈಯಲ್ಲಿ ಒಂದು ಹುಟ್ಟು. ಇಬ್ಬರಿಗೂ ಲೈಫ್ ಜಾಕೆಟ್. ಅಗ್ನಿಶಾಮಕ ದಳದ ಮೋಟಾರ್ ದೋಣಿ ಹಿಂದೆ. ಗುರಲಿಂಗಪ್ಪ ದಂಡೆಯಲ್ಲಿ ನಿಂತು, “ಸಾಹೇಬ್ರ, ಮನ್ಯಾಗ ಹೇಳಿ ಬಂದೀರಿಲ್ಲೋ?” ಎಂದ. ಯಾರೂ ನಗಲಿಲ್ಲ.

ಹಳ್ಳದ ಬಾಯಿ ದಾಟುವವರೆಗೆ ಏನೂ ಇಲ್ಲ. ದಾಟಿದ ಕೂಡಲೇ ಪಡುವಣ ಗಾಳಿ ಬಲಗೆನ್ನೆಗೆ ಬಡಿಯಿತು. ಅಬ್ಬಾ, ಅದೇನು ಗಾಳಿ! ತೆರೆಗಳು ಒಂದರ ಬೆನ್ನಿಗೊಂದು ಬಲಗಡೆಯಿಂದ ಬಂದು ದೋಣಿಯ ಹೊಟ್ಟೆಗೆ ಗುದ್ದುತ್ತಿದ್ದವು. ಧೀರೇಂದ್ರ ಹುಟ್ಟು ಎತ್ತಿದರೆ ಗಾಳಿ ಅದನ್ನೇ ಕಿತ್ತುಕೊಳ್ಳಲು ನೋಡುತ್ತಿತ್ತು, ನೀರಿಗೆ ಹಾಕಿದರೆ ತೋಳು ಬುಡದಿಂದ ಎಳೆದಂತಾಗುತ್ತಿತ್ತು.

“ಎತ್ತಬ್ಯಾಡ್ರಿ ಭಾಳ! ನೀರಿಗೆ ಹತ್ತಿದಂಗ ಹಾಕ್ರಿ! ನಾ ಹ್ಞಾಂ ಅಂದಾಗ ಜಗ್ರಿ!” ಹಿಂದಿನಿಂದ ಅಫ್ತಾಬ ಒದರುತ್ತಿದ್ದ. “ಹ್ಞಾಂ! ಹ್ಞಾಂ!”

ಪ್ರತಿ ತೆರೆಗೂ ದೋಣಿ ಎಡಕ್ಕೆ ಒರಗುತ್ತಿತ್ತು, ಡ್ರಮ್ಮು ಅರ್ಧ ಮುಳುಗಿ ಅದನ್ನು ಮತ್ತೆ ಎತ್ತಿ ಹಿಡಿಯುತ್ತಿತ್ತು. ಪ್ರತಿ ಸಲ ಮುಳುಗಿದಾಗಲೂ ಬಾಯಿಯಿಂದ ಒಂದು ಗುಟುಕು ನೀರು ಒಳಗೆ. ದಂಡೆಯಿಂದ ನೋಡಿದವರಿಗೆ ಏನೂ ಕಾಣದು. ದೋಣಿಯಲ್ಲಿದ್ದವರಿಗೂ ತಿಳಿಯದು, ಕಣ್ಣೆಲ್ಲ ಮುಂದಿನ ತೆರೆಯ ಮೇಲೆ. ಅರ್ಧ ದಾರಿಯಲ್ಲಿ ಡ್ರಮ್ಮು ಮುಳುಗಿತು, ಮೇಲೇಳಲಿಲ್ಲ. ದೋಣಿ ಎಡಕ್ಕೆ ವಾಲಿ ಹಾಗೆಯೇ ನಿಂತಿತು. ಮುಂದಿನ ತೆರೆ ಬಂತು.

“ಬಲಕ್ಕ ಬೀಳ್ರಿ ಸಾಹೇಬ್ರ! ಬಲಕ್ಕ!”

ಮೋಟಾರ್ ದೋಣಿಯವರು ಹಗ್ಗ ಎಸೆದು ಹಿಡಿದುಕೊಂಡರು. ಇಲ್ಲದಿದ್ದರೆ ಅಂದು ಇನ್ನೊಂದು ಪಂಚನಾಮೆ ಆಗುತ್ತಿತ್ತು. ಇದೇ ನೀರಿನಲ್ಲಿ ಆ ಹುಡುಗಿ ಪಿನ್ನು ಚುಚ್ಚಿದ ಸೀರೆಯಲ್ಲಿ ಬಿದ್ದಳು.

ಅಫ್ತಾಬ ಹೇಳಿದ್ದು ನಿಜವಿರಬಹುದು ಎಂದಾಯಿತು. ಭಾನುವಾರವೇ ಬೂಚು ತೆಗೆದಿದ್ದರೂ ಸೋಮವಾರ ಬೆಳಿಗ್ಗೆ ದೋಣಿ ನೆಟ್ಟಗೇ ನಿಂತಿರುತ್ತಿತ್ತು. ಆದರೆ ತೆಗೆದವರು ಯಾರು?

ಅಫ್ತಾಬನ ತಾಯಿ ಬಿಬಿಜಾನಳ ಗುಡಿಸಲು ಹಳ್ಳದ ಏರಿಯ ಮೇಲೇ ಇತ್ತು. ಮುದುಕಿ ಬಲೆ ಹೆಣೆಯುತ್ತ ಕೂತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ.

“ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕ್ತೀರಿ. ಇನ್ನೇನ್ ಕೇಳವ್ರದೀರಿ?”

“ಆಯಿತವಾರ ಸಂಜಿಗೆ ದೋಣಿ ಹತ್ರ ಯಾರ್ ಬಂದಿದ್ರು, ಆಯಿ?”

“ಬರೋರು ಬರ್ತಾರಪಾ. ಅರಿಬಿ ಒಗ್ಯಾಕ ಹೆಣಮಕ್ಕಳು ಬಂದಿದ್ರು. ಆ ಹುಡಿಗೀನ ಹಡದಾಕಿನೂ ಬಂದಿದ್ಳು, ಚನ್ನವ್ವ. ಎಲ್ಲಾರೂ ಹೋದ ಮ್ಯಾಲೂ ಆಕಿ ಒಬ್ಬಾಕಿನ ಕುಂತಿದ್ಳು.”

“ಸೋಮವಾರ ದೋಣಿ ಹೊಂಟಾಗ ಚನ್ನವ್ವ ದಂಡ್ಯಾಗ ಇದ್ಳೇನು?”

“ಇಲ್ಲ. ಹೆಣಮಕ್ಕಳು ಎರಡನೇ ಸರತಿಗೆ ಹೋಗೂದಿತ್ತು. ದೋಣಿ ಬಿಟ್ಟ ಮ್ಯಾಲ ಓಡಿ ಬಂದ್ಳು. ಹಡದ ಕರುಳು ನೋಡಪಾ, ಸುಳ್ಳಲ್ಲ ಅದು.” ಬಿಬಿಜಾನ ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ದೋಣಿ ಇನ್ನಾ ನಟ್ಟಗ ಹೊಂಟಿತ್ತು, ಏನೂ ಆಗಿರಲಿಲ್ಲ. ಆಕಿ ಎದಿ ಬಡಕೊಂಡು ಒದರಿದ್ಳು, ತಿರಗಸ್ರೋ, ಡ್ರಮ್ಮು ನೋಡ್ರೋ, ಡ್ರಮ್ಮು ಅಂತ. ಗಾಳಿ ಎದುರಿಗೆ ಯಾರಿಗೆ ಕೇಳಬೇಕು?”

ಗುರಲಿಂಗಪ್ಪ ಬರೆಯುವುದನ್ನು ನಿಲ್ಲಿಸಿದ. ಧೀರೇಂದ್ರನಿಗೆ ತಿಳಿಯಬೇಕಾದ್ದು ತಿಳಿದಿತ್ತು, ತಿಳಿಯದಿದ್ದರೆ ಚೆನ್ನಾಗಿತ್ತು ಎನಿಸುತ್ತಿತ್ತು. ಪೊಲೀಸ್ ಕೆಲಸದಲ್ಲಿ ಇಂಥ ಗಳಿಗೆಗಳೂ ಬರುತ್ತವೆ, ಬಿಸಿತುಪ್ಪ ಬಾಯಲ್ಲಿಟ್ಟುಕೊಂಡು ಕೂರಬೇಕು.

“ಓದಿ ಹೇಳಿ ಹೆಬ್ಬಟ್ಟು ತಗೋ,” ಎಂದಷ್ಟೇ ಹೇಳಿದ.

ಜೂನ್ 26, ಗುರುವಾರ ಬೆಳಿಗ್ಗೆ. ಖಂಡೆಪ್ಪನ ಮನೆಯ ಪಡಸಾಲೆಯಲ್ಲಿ ನಾಲ್ಕೈದು ಹೆಂಗಸರು ಕೂತಿದ್ದರು. ಚನ್ನವ್ವ ಕಂಬಕ್ಕೆ ಒರಗಿದ್ದಳು. ಮೂವತ್ತೈದರ ಹೆಂಗಸು. ಮಗಳನ್ನು ಮಣ್ಣು ಮಾಡಿ ಬಂದಾಗ ಉಟ್ಟ ಸೀರೆಯನ್ನೇ ಇನ್ನೂ ಉಟ್ಟಿದ್ದಳು. ವಿದ್ಯಾವತಿ ಪಕ್ಕ ಕೂತು ಅವಳ ಕೈ ಹಿಡಿದಳು. ಧೀರೇಂದ್ರ ಉಳಿದವರನ್ನು ಹೊರಗೆ ಕಳಿಸಿದ.

“ಯವ್ವಾ, ದೋಣಿ ಮಗಚೋಕಿಂತ ಮೊದಲ ಡ್ರಮ್ಮು ಅಂತ ಒದರಿದೆಂತ. ನಿನಗ ಹೆಂಗ ಗೊತ್ತಾತು?”

ಚನ್ನವ್ವ ಅವನ ಮುಖ ನೋಡಿದಳು. ಅಲ್ಲಿ ಹೆದರಿಕೆ ಇರಲಿಲ್ಲ. ಮೂರು ದಿನದಿಂದ ಯಾರಾದರೂ ಕೇಳಲಿ ಎಂದು ಕಾದವಳ ಮುಖ ಅದು. ಸೊಂಟದ ಎಲೆ ಅಡಿಕೆಯ ಸಂಚಿಯನ್ನು ಬಿಚ್ಚಿ, ಒಂದು ಕರಿ ಬೂಚನ್ನೂ ಸುರುಳಿ ಸುತ್ತಿದ ಟೂಬಿನ ಪಟ್ಟಿಯನ್ನೂ ತೆಗೆದು ವಿದ್ಯಾವತಿಯ ಅಂಗೈಯಲ್ಲಿಟ್ಟಳು.

ಪೊಲೀಸರ ಮುಂದೆ ಒಪ್ಪಿಕೊಂಡ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ, ತಾನಾಗಿ ತೆಗೆದುಕೊಟ್ಟ ವಸ್ತು ನಿಲ್ಲುತ್ತದೆ. ಪಂಚರನ್ನು ಕರೆಸಿ ಜಪ್ತಿ ಪಂಚನಾಮೆ ಬರೆಸಿದರು. ಆಮೇಲೆ ಚನ್ನವ್ವ ಮಾತಾಡಿದಳು. ತಡೆಯುವುದಕ್ಕೆ ಯಾರಿಂದಲೂ ಆಗಲಿಲ್ಲ.

“ಇವತ್ತಿಗೆ ಆಷಾಢ ಹತ್ತೇತ್ರಿ. ಸೋಮವಾರದ್ದ ಕಡೀ ಮುಹೂರ್ತ. ಅದೊಂದು ತಪ್ಪಿದ್ರ ತಿಂಗಳಾನ ತಿಂಗಳು ಯಾರೂ ಲಗ್ನದ ಮಾತು ಎತ್ತಂಗಿಲ್ಲ. ಅಷ್ಟರಾಗ ಆಕೀನ ಇಂಡಿಗೆ ಕಾಲೇಜಿಗೆ ಹಾಕಿ ಹಾಸ್ಟೆಲಿಗೆ ಬಿಟ್ಟು ಬರ್ತಿದ್ನಿ. ಗಾಳ್ಯಾಗ ನಡೆಯೂದು ಅದೊಂದ ದೋಣಿ. ಬೂಚು ತಗದ್ರ ಬೆಳಗಾಗೂದ್ರಾಗ ಡ್ರಮ್ಮು ತುಂಬಿ ಅಲ್ಲೇ ಕುಸೀತೈತಿ, ಯಾರೂ ಹತ್ತಂಗಿಲ್ಲ ಅಂತ ತಿಳಿದ್ನಿ. ಮರುದಿನ ತಿರಗಿ ಹಾಕಬೇಕಂತ ಇದನ್ನ ಜ್ವಾಕಿ ಇಟ್ಟಿದ್ನಿ. ಅಫ್ತಾಬನ ಹೊಟ್ಟಿ ಮ್ಯಾಲ ಯಾಕ ಹೊಡೀಲಿ ಅಂತ.”

“ಆ ಮುಂಜಾನೆ ಹೋಗಿ ಯಾಕ ನೋಡಲಿಲ್ಲ?”

“ಉಡಿ ತುಂಬೂ ಸಾಮಾನು ಕಟ್ಟಾಕತ್ತಿದ್ನಿ. ದೋಣಿ ಕುಸದೈತಿ ಅಂತ ಈಗ ಬರ್ತಾರ, ಈಗ ಬರ್ತಾರ ಅಂತ ದಾರಿ ನೋಡಿದ್ನಿ. ಯಾರೂ ಬರಲಿಲ್ಲ. ಎದಿ ಧಸಕ್ ಅಂತು. ಓಡಿದ್ನಿ.” ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಮಾತು ಬಂತು. “ನಾನ ಸೀರಿ ಉಡಿಸಿದ್ನಿ. ಪಿನ್ನು ಚುಚ್ಚಿದ್ನಿ. ಹೆಂಗೂ ಹೋಗೂದಿಲ್ಲ, ಒಂದ್ ತಾಸು ಉಟ್ಟು ತಿರಗಾಡ್ಲಿ, ಚೆಂದ ಕಾಣ್ತಾಳ ಅಂತ ಉಡಿಸಿದ್ನಿ.”

ವಿದ್ಯಾವತಿ ಮುಖ ತಿರುಗಿಸಿ ಅತ್ತಳು. ಸಮವಸ್ತ್ರದಲ್ಲಿ ಅಳಬಾರದು ಎಂದು ಧೀರೇಂದ್ರ ಅವಳಿಗೆ ಎಷ್ಟೋ ಸಲ ಹೇಳಿದ್ದ. ಅಂದು ಹೇಳಲಿಲ್ಲ.

“ಠಾಣಿಗೆ ಬಂದು ಒಂದು ಮಾತು ಹೇಳಿದ್ರ ನಿಲ್ಲಸ್ತಿದ್ವೆಲ್ಲವಾ!” ಎಂದ ಧೀರೇಂದ್ರ.

“ಯಾರ ಮ್ಯಾಲ ಬರಸ್ಲಿರಿ? ಗಂಡನ ಮ್ಯಾಲೋ, ಶ್ರೀಶೈಲನ ಮ್ಯಾಲೋ? ನಮ್ಮವ್ವ ಸತ್ತಾಗ ಅಂವ ತೊಟ್ಟಲ ಕೂಸು. ನಾನ ಎತ್ತಿ ಬೆಳಿಸೇನಿ, ಲಗ್ನಾದಾಗ ಬಗಲಾಗ ಕಟಕೊಂಡ ಈ ಮನಿಗೆ ಬಂದೇನಿ. ಅಂವ ಹೂಂ ಅಂದಾನ ಅಂತ ಮನ್ಯಾನವ್ರು ಅಂದ್ರು. ಅವಂಗ ಬ್ಯಾಡ ಅನ್ನೂ ಮಾತು ಇವತ್ತಿನ ತನಕಾ ನನ್ನ ಬಾಯಾಗ ಬಂದಿಲ್ರಿ.”

“ಅಫ್ತಾಬ ಮೂರು ದಿನ ಒಳಗದಾನ.”

“ಇವತ್ತ ಹೇಳಬೇಕು, ಇವತ್ತ ಹೇಳಬೇಕು ಅಂತ ಕುಂತಿದ್ನಿ. ಬಾಯಿ ಏಳಲಿಲ್ಲ. ಆ ಪಾಪಾನೂ ನನ್ನ ತಲಿ ಮ್ಯಾಲ ಐತಿ.”

ಕಲಂ ಬದಲಾಯಿತು. 106 ಹೋಗಿ 105, ಕೊಲೆಯಲ್ಲದ ಮಾನವ ಹತ್ಯೆ. ಬೂಚಿಲ್ಲದ ದೋಣಿಗೆ ಜನ ಹತ್ತಿದರೆ ಏನಾಗುತ್ತದೆಂದು ಅವಳಿಗೆ ತಿಳಿದಿತ್ತೇ ಇಲ್ಲವೇ ಎಂಬುದನ್ನು ಕೋರ್ಟು ನೋಡಿಕೊಳ್ಳಲಿ. ಹೆಣ್ಣು ಕೊಡಲು ಹೊರಟ ಖಂಡೆಪ್ಪನ ಬಗ್ಗೆ ಬಾಲ್ಯವಿವಾಹ ತಡೆ ಅಧಿಕಾರಿಗೆ ಬೇರೆ ವರದಿ ಹೋಯಿತು. ಅಫ್ತಾಬನನ್ನು ಬಿಡುಗಡೆ ಮಾಡಲು ಕೋರ್ಟಿಗೆ ವರದಿ ಬರೆದರು. ಬಿಬಿಜಾನ ಬಂದು ಮಗನನ್ನು ಕರೆದೊಯ್ದಳು. ಅಫ್ತಾಬ ಸಂತೋಷಪಡಲಿಲ್ಲ. ಹೊರಡುವಾಗ, “ದೋಣಿ ನಿಮ್ಮಲ್ಲೇ ಇರಲಿ ಸಾಹೇಬ್ರ,” ಎಂದ.

ಬಂಧನವನ್ನು ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಖಂಡೆಪ್ಪ ಗೋಡೆಗೆ ಮುಖಮಾಡಿ ಕೂತವನು ಈ ಕಡೆ ತಿರುಗಲೇ ಇಲ್ಲ. ಸಹಿ ಮಾಡಲು ಶ್ರೀಶೈಲ ಬಂದ. ಹತ್ತೊಂಬತ್ತು ಇಪ್ಪತ್ತರ ಹುಡುಗ, ನಾಲತವಾಡದಲ್ಲಿ ಟೆಂಪೊ ಓಡಿಸುತ್ತಿದ್ದ. ನೀರಿನಲ್ಲಿ ಹುಡುಗಿಯನ್ನು ಹುಡುಕುತ್ತ ಮುಳುಗೆದ್ದು ಅವನ ಕಣ್ಣು ಇನ್ನೂ ಕೆಂಪಗಿದ್ದವು. ಧೀರೇಂದ್ರ ಅವನ ಹೇಳಿಕೆ ಬರೆಸಿಕೊಂಡ.

“ಲಗ್ನಕ್ಕ ನೀ ಒಪ್ಪಿದ್ಯೇನು?”

“ಹೂಂ ಅಂದಿದ್ನಿರಿ.”

“ಮನಸಿತ್ತೇನು?”

ಶ್ರೀಶೈಲ ಸಹಿಯ ಪೆನ್ನನ್ನು ಮೇಜಿನ ಮೇಲಿಟ್ಟ.

“ಇರಲಿಲ್ರಿ. ಕೈ ಹಿಡಕೊಂಡು ಸಾಲಿಗೆ ಬಿಟ್ಟ ಬಂದ ಹುಡಿಗಿರಿ ಅದು. ಹೆಂಗ ಮನಸ ಬರತೈತಿ? ಮಾವ ಕೇಳಿದಾಗ ಅಕ್ಕ ಅಲ್ಲೇ ರೊಟ್ಟಿ ಬಡ್ಯಾಕತ್ತಿದ್ಳು, ಬ್ಯಾಡ ಅನ್ಲಿಲ್ಲ. ಅಕ್ಕಗ ಇದು ಬೇಕಾಗೇತಿ ಅಂತ ತಿಳಿದ್ನಿ. ನನ್ನ ಸಾಕಿದಾಕಿರಿ. ಆಕಿಗೆ ಹೆಂಗ ಇಲ್ಲ ಅನ್ಲಿ? ಅಕ್ಕ ಒಂದು ಸಲ, ಒಂದ ಒಂದು ಸಲ ಬ್ಯಾಡ ಅಂದಿದ್ರ ನಾ ಆವತ್ತ ಬಿಟ್ಟು ಹೋಗತಿದ್ನಿ.”

ಗುರಲಿಂಗಪ್ಪನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು. “ಬರಿ,” ಎಂದ ಧೀರೇಂದ್ರ. “ಅಂವ ಅಂದಂಗ ಬರಿ.”

ಮಧ್ಯಾಹ್ನ ಚನ್ನವ್ವನನ್ನು ಮುದ್ದೇಬಿಹಾಳದ ಕೋರ್ಟಿಗೆ ಹಾಜರುಪಡಿಸಲು ಜೀಪು ಹೊರಟಿತು. ಶ್ರೀಶೈಲ ಠಾಣೆಯ ಹಿಂದಿನ ಬೇವಿನ ಮರದ ಕೆಳಗೆ ಕೂತಿದ್ದ, ಎದುರು ಬರಲಿಲ್ಲ. ಊರು ದಾಟಿದ ಮೇಲೆ ಚನ್ನವ್ವ ಕೇಳಿದಳು.

“ಸಾಹೇಬ್ರ, ಶ್ರೀಶೈಲ ಏನಂದ್ನರಿ? ಭಾಳ ಆಸೆ ಇಟಗೊಂಡಿದ್ದ ಅಂವ. ಅವನ ಆಸೆ ಮುರದ್ನಿ ಅಂತ ನನ್ನ ಮ್ಯಾಲ ಸಿಟ್ಟಿದ್ದಾನೇನ್ರಿ?”

ಮುಂದಿನ ಸೀಟಿನಲ್ಲಿದ್ದ ಧೀರೇಂದ್ರ ತಿರುಗಿ ನೋಡಲಿಲ್ಲ.

“ಏನೂ ಅನ್ಲಿಲ್ಲವಾ. ಸಿಟ್ಟಿಲ್ಲ.”

ಅಷ್ಟು ಹೇಳಬಲ್ಲವನಾಗಿದ್ದ, ಅಷ್ಟೇ ಹೇಳಿದ. ಚಾರ್ಜ್‌ಶೀಟಿನಿಂದ ಶ್ರೀಶೈಲನ ಹೇಳಿಕೆಯನ್ನು ಬಿಡುವಂತಿರಲಿಲ್ಲ. ಚಾರ್ಜ್‌ಶೀಟಿನ ಒಂದು ಪ್ರತಿಯನ್ನು ಆರೋಪಿಯ ಕೈಗೆ ಕೊಡಬೇಕೆಂಬುದು ಕಾನೂನು. ಚನ್ನವ್ವನಿಗೆ ಓದು ಬರುತ್ತಿರಲಿಲ್ಲ. ಅಂಥವರಿಗೆ ವಕೀಲರು ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿ ಹೇಳುತ್ತಾರೆ.